ಕಣ್ಣು ಮಿಟುಕಿಸಿ ಎಂದಿತು ಆ್ಯಪ್

ಆ್ಯಪಿನ ಪರೀಕ್ಷಾ ವರದಿಗೆ ಸಹಿ ಹಾಕಿ ಐದು ದಿನವಾಗಿತ್ತು. ಬುಧವಾರ ಬೆಳಿಗ್ಗೆ ಚಿಕ್ಕೋಡಿಯ ನಮ್ಮ ಸಾಫ್ಟ್‌ವೇರ್ ಕಂಪನಿಯ ಆಫೀಸಿನಲ್ಲಿ ಕಂಪ್ಯೂಟರ್ ಚಾಲೂ ಮಾಡಿ ಕೂರುವಷ್ಟರಲ್ಲಿ ಅಕ್ಕನ ಫೋನು ಬಂತು.

“ಮ್ಯಾಡಮ್ಮಾರ, ನಿಮ್ಮ ಆ್ಯಪ್ ನನಗ ಕಣ್ಣ ಮಿಟಕಸ್ರಿ ಅನ್ನಾಕತ್ತೈತ್ರಿ. ಏನ ಮಾಡ್ಲಿ?”

ಅಕ್ಕ ನನ್ನ ಒಡಹುಟ್ಟಿದವರಲ್ಲ, ಆ್ಯಪಿನ ಪರೀಕ್ಷೆಯಿಂದ ಪರಿಚಯವಾದವರು, ನಾನು ಹಾಗೆ ಕರೆಯುತ್ತೇನೆ ಅಷ್ಟೇ. ಅವರು ಹುಟ್ಟಿನಿಂದ ಕಣ್ಣು ಕಾಣದವರು. ಅವರ ರೆಪ್ಪೆಗಳು ಕೂಡಿಕೊಂಡೇ ಇವೆ, ಎಂದೂ ತೆರೆದಿಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಹಿಂದಿನ ಶುಕ್ರವಾರವಷ್ಟೇ ಅವರ ಎದುರು ಎರಡು ತಾಸು ಕೂತು, ಇದೇ ಆ್ಯಪನ್ನು ಅವರ ಕೈಯಲ್ಲಿ ನಡೆಸಿ, ‘ಕಣ್ಣು ಕಾಣದವರು ಯಾರ ಸಹಾಯವೂ ಇಲ್ಲದೆ ಬಳಸಬಹುದು’ ಎಂದು ಬರೆದು ಸಹಿ ಹಾಕಿದವಳು ನಾನೇ.

ಆ್ಯಪು ಒಂದು ಪಟ್ಟಣದ ಸ್ಥಳೀಯ ಸಂಸ್ಥೆಯದು, ಮಾಡಿಕೊಟ್ಟವರು ನಾವು. ಯಾವ ಪಟ್ಟಣ ಎಂದು ಹೇಳುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದರ ಸುತ್ತಮುತ್ತ ಎಲ್ಲೋ ಇದೆ ಎಂದುಕೊಂಡರೆ ಸಾಕು. ನೀರಿನ ದೂರು, ಮನೆಯ ಆಸ್ತಿಯ ಉತಾರ ಪತ್ರ, ಜನನ ಪ್ರಮಾಣಪತ್ರ ಎಲ್ಲಕ್ಕೂ ಅದೊಂದೇ ಬಾಗಿಲು. ಆ ವಾರ ಅದರಲ್ಲಿ ಹೊಸದೊಂದು ಅರ್ಜಿ ಬಂದಿತ್ತು. ಬಸ್ ನಿಲ್ದಾಣದ ಪಕ್ಕದಲ್ಲಿ ವಿಕಲಚೇತನರಿಗೆಂದು ಎರಡು ಗೂಡಂಗಡಿ, ನಮ್ಮ ಕಡೆ ಖೋಕಾ ಎನ್ನುವುದು, ಮೀಸಲಿಟ್ಟಿದ್ದರು. ಅರ್ಜಿ ಆನ್‌ಲೈನಿನಲ್ಲಿ ಮಾತ್ರ, ಗಡುವು ಶನಿವಾರ ಸಂಜೆ ಐದು ಗಂಟೆ. ಅಕ್ಕನಿಗೆ ಆ ಎರಡರಲ್ಲೊಂದು ಬೇಕಿತ್ತು. ಅವರ ಮನೆಯಲ್ಲಿ ನಾಲ್ಕು ಎಮ್ಮೆ. ಹಾಲು ಹಿಂಡುವವರು ಅಕ್ಕ, ಮೊಸರು ಹೆಪ್ಪು ಹಾಕುವವರೂ ಅಕ್ಕ. ಅದನ್ನು ಮಾರುವ ಜಾಗದಲ್ಲಿಯೂ ತಾವೇ ಕೂರಬೇಕು ಎಂಬುದು ಅವರ ಹಟ.

‘ಆ ಸಂಸ್ಥೆಯ ಗುಮಾಸ್ತರನ್ನ ಕರೀರಿ, ಬಂದು ಮಾಡಿ ಕೊಡ್ತಾರ’ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಂದು ಸಂಶಯ ತಲೆಯಲ್ಲಿ ಕೊರೆಯಿತು. ಶುಕ್ರವಾರ ಇದೇ ಹೆಜ್ಜೆಯನ್ನು ಅಕ್ಕ ದಾಟಿದ್ದಾದರೂ ಹೇಗೆ? ಅವರಿಗೆ ಮತ್ತೆ ಮಾಡುತ್ತೇನೆಂದು ಹೇಳಿ ಫೋನಿಟ್ಟು, ಆ ದಿನದ ಪ್ರಾಯೋಗಿಕ ಅರ್ಜಿಯನ್ನು ತೆರೆದೆ. ಹೆಸರು ಅಕ್ಕನದು, ವಿಳಾಸ ಅಕ್ಕನದು. ಫೋಟೋ ಇರಬೇಕಾದ ಜಾಗದಲ್ಲಿ ದಪ್ಪ ಮೀಸೆಯ ಗುಮಾಸ್ತರು ನಗುತ್ತಿದ್ದರು.

ಆಗ ಎಲ್ಲ ನೆನಪಾಯಿತು. ಪರೀಕ್ಷೆ ನಡೆದದ್ದು ಆ ಸಂಸ್ಥೆಯ ಸಭಾಂಗಣದಲ್ಲಿ. ಅಕ್ಕ ಬಂದರೆಂದು ಚಹಾ ಬಂತು, ಬಿಸಿ ಭಜಿ ಬಂತು. ಸಾಹೇಬರು, ಅಂದರೆ ಅಲ್ಲಿನ ಮುಖ್ಯಾಧಿಕಾರಿ, ಖುದ್ದು ಕುರ್ಚಿ ಎಳೆದು ಕೊಟ್ಟರು. ಸುತ್ತ ಏಳೆಂಟು ಮಂದಿ. ಒಬ್ಬರು ತಡಕಾಡುತ್ತಿದ್ದರೆ ನೋಡಿಕೊಂಡು ಸುಮ್ಮನೆ ಕೂರುವುದು ನಮ್ಮ ಕಡೆಯವರಿಗೆ ಗೊತ್ತೇ ಇಲ್ಲ. ಅದು ಇಲ್ಲಿ ಮರ್ಯಾದೆಯಲ್ಲ. ಒಬ್ಬರು ‘ಕೆಳಗ್ರಿ, ಇನ್ನ ಸ್ವಲ್ಪ ಕೆಳಗ’ ಅಂದರು, ಇನ್ನೊಬ್ಬರು ಅಕ್ಕನ ಬೆರಳನ್ನೇ ಹಿಡಿದು ಸರಿಯಾದ ಬಟನ್ನಿನ ಮೇಲೆ ಇಟ್ಟರು. ಫೋಟೋ ತೆಗೆಯುವ ಮುನ್ನ, ಎದುರಿಗಿರುವುದು ಜೀವಂತ ಮುಖವೇ ಎಂದು ನೋಡಲು ಕಣ್ಣು ಮಿಟುಕಿಸಿ ಎನ್ನುವ ಹೆಜ್ಜೆ ಬಂದಾಗ ಗುಮಾಸ್ತರು ಫೋನನ್ನು ತೆಗೆದುಕೊಂಡು ತಮ್ಮ ಮುಖಕ್ಕೆ ಹಿಡಿದು, ಎರಡು ಸಲ ಮಿಟುಕಿಸಿ, ಅಕ್ಕನಿಗೆ ವಾಪಸು ಕೊಟ್ಟರು. ನಾನು ಅದನ್ನು ನೋಡಿದ್ದೆ. ಕೈಯಲ್ಲಿ ಸಮಯ ಅಳೆಯುವ ಗಡಿಯಾರ, ಬಾಯಲ್ಲಿ ಭಜಿ. ‘ಫೋಟೋ: ಹನ್ನೆರಡು ಸೆಕೆಂಡು, ತೊಂದರೆಯಿಲ್ಲ’ ಎಂದು ಬರೆದುಕೊಂಡೆ. ಅಷ್ಟೇ ಅಲ್ಲ, ‘ಕೆಳಗ್ರಿ’ ಅಂದವರಲ್ಲಿ ನಾನೂ ಒಬ್ಬಳು. ನೆನೆಸಿಕೊಂಡು ಕುರ್ಚಿಯಲ್ಲೇ ಕುಗ್ಗಿಹೋದೆ.

ದೋಷ ಹುಡುಕುವ ಸಾಫ್ಟ್‌ವೇರ್ ನಮ್ಮಲ್ಲಿತ್ತು. ಪುಟ ತೆರೆಯುತ್ತದೆಯೇ ಎಂದಷ್ಟೇ ನೋಡಿ ಅದು ಎಲ್ಲ ಪುಟಕ್ಕೂ ಹಸಿರು ಗುರುತು ಕೊಟ್ಟಿತ್ತು. ಅದಕ್ಕೇನು, ಅದಕ್ಕೂ ಎಮ್ಮೆಗೂ ಅಂಗಡಿಗೂ ಸಂಬಂಧವಿಲ್ಲ.

ಮಧ್ಯಾಹ್ನ ಸ್ಕೂಟಿ ಹತ್ತಿ ಅಕ್ಕನ ಮನೆಗೆ ಹೊರಟೆ. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆಯನ್ನೆಲ್ಲ ತಮ್ಮದೇ ಮಾಡಿಕೊಂಡು ಶಿರಗುಪ್ಪಿಯ ಸಕ್ಕರೆ ಕಾರ್ಖಾನೆಯ ಕಡೆ ಹೊರಟಿದ್ದವು. ಅವುಗಳ ಹಿಂದೆ ತೆವಳುತ್ತಾ ಮುಕ್ಕಾಲು ತಾಸಿನ ದಾರಿಗೆ ಎರಡು ತಾಸು ತೆಗೆದುಕೊಂಡೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಆ ದಿನ ಟ್ರ್ಯಾಕ್ಟರಿನವರನ್ನು ಬೈಯಲು ಮನಸ್ಸಾಗಲಿಲ್ಲ. ಬೈಸಿಕೊಳ್ಳಬೇಕಾದವಳು ನಾನೇ ಆಗಿದ್ದೆ.

ಫೋನಿನಲ್ಲಿ ಮ್ಯಾಡಮ್ ಆಗಿದ್ದವಳು ಮನೆಯಲ್ಲಿ ತಂಗಿಯಾದೆ. ಕೊಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ಅಕ್ಕ ಕೂತರು, ಎದುರಿಗೆ ನಾನು. ಈ ಸಲ ಬಾಯಿ ಬಿಡುವುದಿಲ್ಲ ಎಂದು ತೀರ್ಮಾನಿಸಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ಅಕ್ಕನ ಫೋನಿನಲ್ಲಿ ಪರದೆಯ ಮೇಲಿರುವುದನ್ನು ಓದಿ ಹೇಳುವ ದನಿ ಇದೆ. ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನದನ್ನು ಓದುತ್ತದೆ, ಎರಡು ಸಲ ತಟ್ಟಿದರೆ ಅದನ್ನು ಒತ್ತಿದಂತೆ. ನಮ್ಮ ಆ್ಯಪನ್ನು ಅದು ಹೇಗೆ ಓದಿತು ಎಂದರೆ, ‘ಬಟನ್. ಬಟನ್. ಬಟನ್.’ ಯಾವ ಬಟನ್ ಏನು ಮಾಡುತ್ತದೆ ಎಂದು ನಾವು ಹೆಸರಿಟ್ಟಿರಲಿಲ್ಲ, ಬರೀ ಚಿತ್ರ ಅಂಟಿಸಿದ್ದೆವು. ಕನ್ನಡದ ಸಾಲು ಬಂದಲ್ಲಿ ದನಿ ಸತ್ತೇ ಹೋಗುತ್ತಿತ್ತು. ಪುಟದ ಭಾಷೆ ಇಂಗ್ಲಿಷ್ ಎಂದು ನಾವು ಕೋಡಿನಲ್ಲಿ ನಮೂದಿಸಿದ್ದರಿಂದ ಇಂಗ್ಲಿಷ್ ದನಿ ಕನ್ನಡ ಅಕ್ಷರ ಕಂಡು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಗೂಡಂಗಡಿಯ ಪ್ರಕಟಣೆ ‘ಚಿತ್ರ’ ಎಂಬ ಒಂದೇ ಪದವಾಗಿತ್ತು. ಒಂದು ನಿಮಿಷಕ್ಕೆ ಓಟಿಪಿ ಸಾಯುತ್ತಿತ್ತು. ಅದನ್ನು ಕೇಳಿ, ನೆನಪಿಟ್ಟು, ಹಿಂದಿನ ಪುಟಕ್ಕೆ ಮರಳಿ, ಒಂದೊಂದೇ ಅಂಕಿ ಹುಡುಕಿ ತಟ್ಟುವಷ್ಟರಲ್ಲಿ ಅಕ್ಕನಿಗೆ ಒಂದೂವರೆ ನಿಮಿಷ ಬೇಕು. ಐದನೆಯ ಸಲಕ್ಕೆ ದಾಟಿದರು. ದಾಟಿದ ಕೂಡಲೇ, ಇಂಗ್ಲಿಷಿನಲ್ಲಿ, ಕಣ್ಣು ಮಿಟುಕಿಸಿ ಎಂದಿತು.

ಕಬ್ಬಿನ ಗದ್ದೆಯಿಂದ ಬಂದ ಅಕ್ಕನ ಅಣ್ಣ ನಮ್ಮಿಬ್ಬರನ್ನೂ ನೋಡಿ ನಕ್ಕ. ಒಳ್ಳೆಯ ಮನುಷ್ಯ. ಕೊಡು ಇಲ್ಲಿ, ಎರಡು ಮಿನಿಟಿನ ಕೆಲಸ, ಇಡೀ ದಿನ ಯಾಕೆ ಹಾಳು ಮಾಡುತ್ತೀ ಎಂದು ಕೈಚಾಚಿದ. ಅಕ್ಕ ಫೋನನ್ನು ಸೆರಗಿನೊಳಗೆ ಇಟ್ಟುಕೊಂಡುಬಿಟ್ಟರು. ಅವನು ನೀರು ಕುಡಿದು ಹೋದ ಮೇಲೆ ನನಗೆ ಕಾರಣ ಹೇಳಿದರು.

“ಹೋದ ಸಲಾನೂ ಖೋಕಾ ಬಿಟ್ಟಿದ್ರು ತಂಗಿ. ನನ್ನ ಅರ್ಜಿ ಅಣ್ಣ ತಾನ ತುಂಬಿದ, ತನ್ನ ನಂಬರ್ ಹಾಕಿದ. ಕಾಗದ ತಗೊಂಡ ಬರ್ರಿ ಅಂತ ಮೆಸೇಜ್ ಅವ್ನ ಫೋನಿಗಿ ಬಂತು. ಆಗೂ ಕಬ್ಬಿನ ಟೈಮ್. ಅವ ನೋಡ್ಲೇ ಇಲ್ಲ. ಮಂದಿ ಖೋಕಾ ಹಚ್ಚಿ ಚಹಾ ಮಾರಾಕತ್ತ ಮ್ಯಾಲ ನನಗ ಗೊತ್ತಾತು.” ಫೋನಿದ್ದ ಸೆರಗನ್ನು ಇನ್ನಷ್ಟು ಬಿಗಿ ಮಾಡಿಕೊಂಡು ಮತ್ತೆ ಹೇಳಿದರು. “ಅವ್ನ ಮ್ಯಾಲ ನನಗ ಸಿಟ್ಟಿಲ್ಲ. ಖರೆ ಈ ಸಲ ಯಾರ ಕೈನೂ ಬ್ಯಾಡ.”

ನಾವು ಸಹಾಯ ಎಂದು ಕರೆಯುವುದು ಇವರ ಕೈಯಿಂದ ಏನನ್ನು ತೆಗೆದುಕೊಂಡು ಹೋಗುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಗುರುವಾರ ಹತ್ತಕ್ಕೆ ಸಾಹೇಬರ ಎದುರು ನಿಂತಿದ್ದೆ. ಕಣ್ಣು ಮಿಟುಕಿಸುವ ಹೆಜ್ಜೆ ತೆಗೆಯಬೇಕು, ಓಟಿಪಿಯ ಅವಧಿ ಹೆಚ್ಚಿಸಬೇಕು ಎಂದೆ. ಅವರು ಕೆಟ್ಟವರಲ್ಲ, ಆದರೆ ಅವಸರದಲ್ಲಿದ್ದರು. ಆ್ಯಪ್ ಎಲ್ಲರಿಗೂ ಸುಲಭವಾಗಿದೆ ಎಂಬ ನನ್ನ ವರದಿ ಆಗಲೇ ಮೇಲಿನ ಕಚೇರಿಗೆ ಹೋಗಿತ್ತು. ಗುಮಾಸ್ತರನ್ನು ಅಕ್ಕನ ಮನೆಗೇ ಕಳಿಸುತ್ತೇನೆ, ಅರ್ಧ ತಾಸಿನಲ್ಲಿ ಅರ್ಜಿ ತುಂಬಿ ಬರುತ್ತಾರೆ, ಇದಕ್ಕಿಂತ ಒಳ್ಳೆಯ ಸೇವೆ ಯಾವುದಿದೆ ಎಂದರು. ಹಿಂದಿನ ವಾರವಾಗಿದ್ದರೆ ನಾನೂ ಹೂಂ ಎಂದು ತಲೆಯಾಡಿಸುತ್ತಿದ್ದೆ.

ನಾನು ಲ್ಯಾಪ್‌ಟಾಪ್ ತಿರುಗಿಸಿ ಪ್ರಾಯೋಗಿಕ ಅರ್ಜಿ ತೋರಿಸಿದೆ. ಅಕ್ಕನ ಹೆಸರು, ಗುಮಾಸ್ತರ ಮೀಸೆ. ಸಾಹೇಬರು ಮೊದಲು ಜೋರಾಗಿ ನಕ್ಕರು. ಬಾಗಿಲ ಬಳಿ ನಿಂತಿದ್ದ ಗುಮಾಸ್ತರೂ ನಕ್ಕರು. ಆ ಮೇಲೆ ನಗು ಇಬ್ಬರ ಮುಖದಿಂದಲೂ ಒಟ್ಟಿಗೇ ಇಳಿಯಿತು.

“ಸಾಹೇಬ್ರ, ಈ ಮಿಟಕಸೂದು ಇರೂದು ಮೋಸ ತಡ್ಯಾಕ. ಗುಮಾಸ್ತರ ಮುಖಾನ ಒಪ್ಪಿಕೊಂಡೈತಿ. ಅಕ್ಕನ್ನ ಅಷ್ಟ ಹೊರಗ ಹಾಕೈತಿ. ಇದ ತಡಿಯೂದು ಯಾರನ್ನ ಅಂತ ನೀವ ಹೇಳ್ರಿ.”

ಸಾಹೇಬರು ಪೇಪರ್‌ವೇಟನ್ನು ತಿರುಗಿಸುತ್ತಾ ಕೂತರು. ಅರ್ಜಿದಾರರು ಮೂಲ ಕಾಗದಗಳೊಂದಿಗೆ ಖುದ್ದು ಬರಬೇಕೆಂಬ ನಿಯಮ ಇದ್ದೇ ಇದೆ, ಮುಖ ಅಲ್ಲೇ ನೋಡಬಹುದು ಎಂದು ಗುಮಾಸ್ತರು ಮೆಲ್ಲಗೆ ಹೇಳಿದರು. ಸಾಹೇಬರಿಗೆ ಅದು ಒಪ್ಪಿಗೆಯಾಯಿತು. ಆದರೆ ಆದೇಶಕ್ಕೆ ಕಾರಣ ಬೇಕು. ಆ್ಯಪ್ ಸರಿಯಿದೆ ಎಂಬ ವರದಿ ಕಡತದಲ್ಲಿರುವಾಗ ಬದಲಿಸಿ ಎಂದು ಬರೆಯಲು ಬರುವುದಿಲ್ಲ. ವರದಿ ತಪ್ಪಾಗಿತ್ತು, ಹಿಂಪಡೆಯುತ್ತೇನೆ ಎಂದು ನೀವೇ ಬರೆದುಕೊಡಬೇಕು ಎಂದರು.

ಹೊರಗೆ ಬಂದು ನಮ್ಮ ಮಾಲೀಕರಿಗೆ ಫೋನ್ ಮಾಡಿದೆ. ಅವರು ಕೂಗಾಡಲಿಲ್ಲ, ಅದೇ ಕಷ್ಟವಾಯಿತು. ತಪ್ಪೊಪ್ಪಿಗೆ ಒಮ್ಮೆ ಸರಕಾರಿ ಕಡತಕ್ಕೆ ಹೋದರೆ ಈ ಐದು ತಾಲೂಕಿನಲ್ಲಿ ನಿನ್ನ ಸಹಿಗೆ ಯಾರೂ ಬೆಲೆ ಕೊಡುವುದಿಲ್ಲ, ಯೋಚನೆ ಮಾಡು ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಬೇವಿನ ಮರದ ಕೆಳಗೆ ಒಂದು ಗಳಿಗೆ ನಿಂತೆ. ನಿಜ ಹೇಳುತ್ತೇನೆ, ಹೆದರಿಕೆಯಾಗಿತ್ತು. ಆದರೆ ಆ ಸಹಿಗೆ ಬೆಲೆ ಇಲ್ಲವೆನ್ನುವುದು ಅಕ್ಕನಿಗೆ ಆಗಲೇ ಗೊತ್ತಾಗಿತ್ತಲ್ಲ. ಒಳಗೆ ಹೋಗಿ ಗುಮಾಸ್ತರ ಮೇಜಿನಿಂದಲೇ ಬಿಳಿ ಹಾಳೆ ತೆಗೆದುಕೊಂಡು ಬರೆದೆ: ಪರೀಕ್ಷೆಯ ವೇಳೆ ಅರ್ಜಿದಾರರಿಗೆ ನಾನೂ ಸೇರಿದಂತೆ ಹಾಜರಿದ್ದವರು ನೆರವಾಗಿದ್ದೇವೆ, ಆದ್ದರಿಂದ ಆ ವರದಿ ಸುಳ್ಳು. ‘ಸುಳ್ಳು’ ಬೇಡ, ‘ಅಪೂರ್ಣ’ ಎಂದು ಬರೆಯಿರಿ ಎಂದು ಗುಮಾಸ್ತರು ಬೇಡಿಕೊಂಡರು. ನಾನು ಬದಲಿಸಲಿಲ್ಲ.

ಸಂಜೆ ನಾಲ್ಕಕ್ಕೆ ಆದೇಶ ಸಿಕ್ಕಿತು. ನಾಲ್ಕೂವರೆಗೆ ಇನ್ನೊಂದು ಗೋಡೆಗೆ ತಲೆ ಹೊಡೆದುಕೊಂಡೆ. ತಿದ್ದಿದ ಆ್ಯಪು ಜನರ ಫೋನಿಗೆ ಹೋಗಬೇಕಾದರೆ ಆ್ಯಪ್ ಸ್ಟೋರಿನವರ ತಪಾಸಣೆ ದಾಟಬೇಕು. ಅದಕ್ಕೆ ಎಷ್ಟು ದಿನವೋ ಹೇಳಲಾಗದು, ನಮಗಿದ್ದದ್ದು ಎರಡೇ ದಿನ. ಆ್ಯಪನ್ನು ಬಿಟ್ಟು ಸಂಸ್ಥೆಯ ವೆಬ್‌ಸೈಟಿನಲ್ಲಿ ಅದೇ ಅರ್ಜಿಯನ್ನು ಹೊಸದಾಗಿ ಬರೆಯಲು ಕೂತೆ. ಅದು ನಮ್ಮ ಕೈಯಲ್ಲೇ ಇತ್ತು, ಇಲ್ಲಿ ಬದಲಿಸಿದರೆ ಆ ಕ್ಷಣವೇ ಅಲ್ಲಿ ಬದಲಾಗುತ್ತದೆ. ಶುಕ್ರವಾರ ಪೂರ್ತಿ ಅದೇ ಕೆಲಸ. ಪ್ರತಿ ಬಟನ್ನಿಗೂ ಹೆಸರು, ಪುಟದ ಭಾಷೆ ಕನ್ನಡ, ಮೂವತ್ತೊಂದು ಮನೆಗಳ ಕ್ಯಾಲೆಂಡರ್ ಕಿತ್ತು ಜನ್ಮದಿನಾಂಕಕ್ಕೆ ಮೂರು ಸರಳ ಖಾನೆ, ಓಟಿಪಿಗೆ ಹತ್ತು ನಿಮಿಷ.

ಉಳಿದದ್ದು ಪ್ರಕಟಣೆ. ಅದು ಗುಮಾಸ್ತರ ಕೋಟೆ. ಅವರು ಇಪ್ಪತ್ತು ವರ್ಷದಿಂದ ಪ್ರತಿಯೊಂದು ಪ್ರಕಟಣೆಯನ್ನೂ ಮುದ್ರಿಸಿ, ಸಹಿ ಮಾಡಿಸಿ, ದುಂಡನೆಯ ಶಿಕ್ಕಾ, ಅಂದರೆ ಮೊಹರು, ಒತ್ತಿ, ಈಚೆಗೆ ಅದರ ಫೋಟೋ ತೆಗೆದು ಆ್ಯಪಿಗೂ ಏರಿಸುತ್ತಾ ಬಂದವರು. ಶಿಕ್ಕಾ ಕಾಣದ ಕಾಗದವನ್ನು ಇಲ್ಲಿ ಯಾರೂ ನಂಬುವುದಿಲ್ಲ, ಬರೀ ಅಕ್ಷರ ಯಾರು ಬೇಕಾದರೂ ಬರೆಯಬಹುದು ಎನ್ನುವುದು ಅವರ ವಾದ. ಅದರಲ್ಲೂ ಸತ್ಯವಿತ್ತು. ಕೊನೆಗೆ ಫೋಟೋ ಇರಲಿ, ಅದರ ಮೇಲೆ ಅಕ್ಷರದಲ್ಲಿಯೂ ಇರಲಿ, ‘ಮೂಲ ಪ್ರತಿಗೆ ಸಹಿ ಮತ್ತು ಶಿಕ್ಕಾ ಇದೆ’ ಎಂಬ ಸಾಲೂ ಇರಲಿ ಎಂದು ಒಪ್ಪಂದವಾಯಿತು. ಅವರು ತಮ್ಮ ಕಂಪ್ಯೂಟರಿನಲ್ಲಿದ್ದ ಪ್ರಕಟಣೆಯನ್ನು ಕಳಿಸಿದರು. ಹಳೆಯ ಫಾಂಟಿನಲ್ಲಿ ಬರೆದದ್ದು, ಕಣ್ಣಿಗೆ ಕನ್ನಡ, ಫೋನಿನ ದನಿಗೆ ಬರೀ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ. ನಾನು ಅದನ್ನು ಓದಿಸಿ ಕೇಳಿಸಿದಾಗ ಗುಮಾಸ್ತರು ಬೆಚ್ಚಿಬಿದ್ದರು. ತಮ್ಮ ಇಪ್ಪತ್ತು ವರ್ಷದ ಬರವಣಿಗೆ ಅಕ್ಕನಂಥವರಿಗೆ ಹೀಗೆ ಕೇಳಿಸುತ್ತಿತ್ತೇ ಎಂದು ಎರಡು ಸಲ ಕೇಳಿದರು. ಆ ಮೇಲೆ ಊಟಕ್ಕೂ ಏಳದೆ ನಾಲ್ಕು ಪುಟವನ್ನು ಫೋನಿನ ದನಿ ಓದಬಲ್ಲ ಯೂನಿಕೋಡಿನಲ್ಲಿ ಮೊದಲಿನಿಂದ ಬೆರಳಚ್ಚು ಮಾಡಿ ಕೊಟ್ಟರು.

ಶನಿವಾರ ಬೆಳಿಗ್ಗೆ ಸರ್ವರ್ ಕೈಕೊಟ್ಟಿತು. ಅದು ಎದ್ದು ಕೂರುವಷ್ಟರಲ್ಲಿ ಎರಡೂವರೆ. ಗುಮಾಸ್ತರನ್ನು ಹಿಂದೆ ಕೂರಿಸಿಕೊಂಡು ಅಕ್ಕನ ಮನೆ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷ ಕಡಿಮೆ. ಅಕ್ಕ ಕಟ್ಟೆಯ ಮೇಲೆ ಕೂತೇ ಇದ್ದರು. ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಗುಮಾಸ್ತರು ನನ್ನನ್ನು ನೋಡಿ ತಾವೂ ಹಾಗೆಯೇ ಕೂತರು.

ಪ್ರಕಟಣೆಯನ್ನು ಫೋನು ಸ್ಪಷ್ಟ ಕನ್ನಡದಲ್ಲಿ ಓದಿತು. ಅಕ್ಕ ಪೂರ್ತಿ ಕೇಳಿದರು, ಒಂದು ಕಡೆ ನಿಲ್ಲಿಸಿ ಎರಡನೆಯ ಸಲ ಕೇಳಿದರು. ನನಗೆ ಗಡಿಯಾರದ ಚಿಂತೆ. ಹೆಸರು, ತಂದೆಯ ಹೆಸರು, ಜನ್ಮದಿನಾಂಕ. ಓಟಿಪಿ ಮೊದಲ ಸಲಕ್ಕೇ ಆಯಿತು. ಪ್ರಮಾಣಪತ್ರದ ಫೋಟೋ ಸೇರಿಸುವಾಗ ಬೇರೆ ಚಿತ್ರಕ್ಕೆ ಬೆರಳು ಹೋಗಿ ವಾಪಸು ಬಂದರು. ನಾಲ್ಕು ಮೂವತ್ತೆರಡಕ್ಕೆ ‘ಅರ್ಜಿ ಸಲ್ಲಿಸಿ’ ಎಂದು ದನಿ ಹೇಳಿತು. ಅಕ್ಕ ಎರಡು ಸಲ ತಟ್ಟಿದರು. ಏನೂ ಆಗಲಿಲ್ಲ. ಮತ್ತೆ ತಟ್ಟಿದರು. ಫೋನು ಮೂಕವಾಗಿತ್ತು.

ನನಗೆ ಕಾಣುತ್ತಿತ್ತು. ಪರದೆಯ ಮೇಲ್ತುದಿಯಲ್ಲಿ ಕೆಂಪು ಸಾಲೊಂದು ಮೂಡಿತ್ತು: ವಾರ್ಡ್ ಸಂಖ್ಯೆ ಖಾಲಿ ಇದೆ. ಕೆಂಪು ಬಣ್ಣ ಕೊಟ್ಟಿದ್ದೆ, ದನಿ ಕೊಡಲು ಮರೆತಿದ್ದೆ. ಎಲ್ಲ ಹೆಸರಿಟ್ಟೆ ಎಂದು ಬೀಗಿದವಳು ಕಟ್ಟಕಡೆಯ ಹೆಜ್ಜೆಯಲ್ಲಿ ಕಣ್ಣಿದ್ದವರಿಗಷ್ಟೇ ಬರೆದಿದ್ದೆ. ಗುಮಾಸ್ತರಿಗೂ ಕಂಡಿತ್ತು. ಅವರ ತುಟಿ ಅಲುಗಿತು, ನನ್ನ ಮುಖ ನೋಡಿ ಕಚ್ಚಿಕೊಂಡರು.

“ಅಕ್ಕಾ, ತಪ್ಪ ನಂದು. ಒಂದ ಕಡೆ ಖಾಲಿ ಉಳದೈತಿ, ಅದನ್ನ ಫೋನ್ ಹೇಳವಲ್ದು. ನಾ ಈಗ ಹೇಳಲಿ? ಇಲ್ಲಾ ಕೋಡ್ ತಿದ್ದಲಿ? ಅರ್ಜಿ ನಿಂದು, ನೀನ ಹೇಳ.”

“ಟೈಮ್ ಎಷ್ಟ ಐತಿ?”

“ಇಪ್ಪತ್ತೈದ ಮಿನಿಟ.”

“ಹಂಗಾರ ನೀ ತಿದ್ದ. ನಾ ಹುಡುಕ್ತೀನಿ. ಐದಕ್ಕ ಹತ್ತ ಮಿನಿಟ ಇದ್ದಾಗ ಹೇಳ, ಅದರ ಮುಂಚೆ ಬ್ಯಾಡ.”

ಕಟ್ಟೆಯ ಮೇಲೆಯೇ ಲ್ಯಾಪ್‌ಟಾಪ್ ತೆರೆದೆ. ಅಕ್ಕನ ಬೆರಳು ಎಡಕ್ಕೆ, ಎಡಕ್ಕೆ, ಒಂದೊಂದೇ ಖಾನೆ ಹಿಂದೆ ಸರಿಯುತ್ತಿತ್ತು. ಅಷ್ಟರಲ್ಲಿ ಅಣ್ಣ ಬಂದ. ತಂಗಿಯ ಮುಖದ ಬೆವರು, ನನ್ನ ಅವಸ್ಥೆ ನೋಡಿ ಅವನಿಗೆ ತಡೆಯಲಾಗಲಿಲ್ಲ. ಪರದೆಯ ಮೇಲಿನ ಕೆಂಪು ಸಾಲನ್ನು ಮನಸ್ಸಿನಲ್ಲೇ ಓದಿ, ಇದೇನು, ಇಷ್ಟೇ ಅಲ್ಲವೇ ಎಂದು ಕೈ ಚಾಚಿಯೇಬಿಟ್ಟ. ಗುಮಾಸ್ತರು ತೊಡೆಯ ಕೆಳಗಿನ ಕೈ ಎಳೆದು ಅವನ ಮಣಿಕಟ್ಟು ಹಿಡಿದರು.

“ಹಚ್ಚಬ್ಯಾಡ್ರಿ. ನಾ ಒಮ್ಮೆ ಕೈ ಹಚ್ಚೇನಿ. ಇಷ್ಟೆಲ್ಲಾ ಅದರಿಂದನ ಆಗೈತಿ.”

ಅಣ್ಣ ತಬ್ಬಿಬ್ಬಾಗಿ ನಿಂತ. ಎಮ್ಮೆಯೊಂದು ಹಾಲು ಹಿಂಡುವ ಹೊತ್ತಾಯಿತೆಂದು ಕೂಗತೊಡಗಿತು. ನಾಲ್ಕು ನಲವತ್ತೊಂದು. ನಾಲ್ಕು ನಲವತ್ತನಾಲ್ಕು. ನಾನು ತಿದ್ದಿದ್ದನ್ನು ಏರಿಸಲು ಹೋದರೆ ನೆಟ್‌ವರ್ಕ್ ಒಂದೇ ಕಡ್ಡಿ. ಈಗ ಹೇಳಿಬಿಡಲೇ ಎಂದು ಬಾಯಿ ತೆರೆದೆ, ಹಲ್ಲು ಕಚ್ಚಿ ಮುಚ್ಚಿದೆ.

“ವಾರ್ಡ್ ಸಂಖ್ಯೆ. ಖಾಲಿ.” ಹೇಳಿದ್ದು ಫೋನು.

“ಇಲ್ಲಿ ಕುಂತೀಯೇನ ನೀನು?” ಎಂದರು ಅಕ್ಕ, ಆ ಖಾನೆಗೆ. ಸಂಖ್ಯೆ ತಟ್ಟಿದರು. ಬೆರಳು ಬಲಕ್ಕೆ, ಬಲಕ್ಕೆ ಸರಿದು ಕೊನೆಯ ಬಟನ್ ಮುಟ್ಟಿತು. ಎರಡು ತಟ್ಟು. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು ಫೋನು ಹೇಳಿತು, ‘ನಿಮ್ಮ ಅರ್ಜಿ ಸ್ವೀಕೃತವಾಗಿದೆ.’ ನಾನು ತಿದ್ದಿದ ಕೋಡು ಏರಿದ್ದು ಅದಾದ ಎರಡು ನಿಮಿಷಕ್ಕೆ. ಅಕ್ಕನಿಗೆ ಅದರ ಹಂಗು ಬೀಳಲಿಲ್ಲ, ಬೇರೆಯವರಿಗಾದರೂ ಉಪಯೋಗಕ್ಕೆ ಬಂದೀತು ಎಂದುಕೊಂಡೆ. ಗುಮಾಸ್ತರು ಟೋಪಿ ತೆಗೆದು ಮುಖ ಒರೆಸಿಕೊಂಡರು. ನನಗೆ ಅಳು ಬಂತು, ಅತ್ತುಬಿಟ್ಟೆ.

ಆಗ ಮೆಸೇಜಿನ ಸದ್ದಾಯಿತು. ಅಣ್ಣ ಅಭ್ಯಾಸಬಲದಿಂದ ತನ್ನ ಅಂಗಿಯ ಜೇಬಿನಿಂದ ಫೋನು ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಅದರಲ್ಲಿ ಏನೂ ಇರಲಿಲ್ಲ. ಸದ್ದಾದದ್ದು ಅಕ್ಕನ ಮಡಿಲಲ್ಲಿ. ಅಕ್ಕ ಅದನ್ನು ಕಿವಿಯ ಹತ್ತಿರ ಹಿಡಿದು ಒಬ್ಬರೇ ಕೇಳಿದರು, ಇನ್ನೊಮ್ಮೆ ಕೇಳಿದರು. ಆ ಮೇಲೆ ಫೋನನ್ನು ಸೆರಗಿಗೆ ಸಿಕ್ಕಿಸಿ, ಹಾಲಿನ ಪಾತ್ರೆಗೆ ಕೈ ಚಾಚುತ್ತಾ ಹೇಳಿದರು.

“ಅಣ್ಣಾ, ಬುಧವಾರ ಹನ್ನೊಂದಕ್ಕ ಕಾಗದ ತೋರ್ಸಾಕ ಬಾ ಅಂದಾರ. ನೀ ಬರ್ತೀಯೋ, ಕಬ್ಬ ಐತೋ? ಕಬ್ಬ ಇದ್ರ ಇರ್ಲಿ, ನಾ ಹೋಗಿ ಬರ್ತೀನಿ.”